ನಡುವೆ ಬಿಟ್ಟ ಜಾಗ

ಹುಮನಾಬಾದಿನಲ್ಲಿ ಯಾರ ಮನೆಯಲ್ಲಾದರೂ ಹಳೆಯ ಮದುವೆ ಫೋಟೋ ಇದ್ದರೆ ಗೋಡೆಯಿಂದ ಇಳಿಸಿ ನೋಡಿ. ಗಂಡು ಕುರ್ಚಿಯಲ್ಲಿ ಸೆಟೆದು ಕೂತಿರುತ್ತಾನೆ. ಹೆಣ್ಣು ಅವನ ಹೆಗಲ ಮೇಲೆ ಕೈ ಇಡಲೋ ಬೇಡವೋ ಅಂತ ಪಕ್ಕದಲ್ಲಿ ನಿಂತಿರುತ್ತಾಳೆ. ಅವರ ಬೆನ್ನ ಹಿಂದೆ ಕಮಾನುಗಳ ಸಾಲು, ದಪ್ಪ ಕಂಬಗಳು, ನುಣ್ಣನೆಯ ಫರಸಿಕಲ್ಲಿನ ನೆಲ, ದೂರದಲ್ಲೊಂದು ಗೋಪುರ. ಅಂಥ ಜಾಗ ಹುಮನಾಬಾದಿನಲ್ಲಿ ಎಲ್ಲಿದೆ ಅಂತ ಹುಡುಕಲು ಹೋಗಬೇಡಿ, ಎಲ್ಲೂ ಇಲ್ಲ. ಅದು ಮಚ್ಚೇಂದ್ರ ಪೇಂಟರ್ ಬರೆದ ಪರದೆ. ಎಷ್ಟು ಜೋಡಿ ಆ ಪರದೆಯ ಮುಂದೆ ನಿಂತು ಹೋದವೋ, ಆ ಪುಣ್ಯಾತ್ಮನಿಗೇ ಗೊತ್ತಿಲ್ಲ.

ಮಚ್ಚೇಂದ್ರನ ಊರು ಮುಡಬಿಯಿಂದ ಆಚೆಗಿನ ಒಂದು ವಾಡಿ, ಸಣ್ಣ ಹಳ್ಳಿ. ಹೆಸರು ಹೇಳಿದರೂ ನಿಮಗೆ ತಿಳಿಯಲಿಕ್ಕಿಲ್ಲ, ಬಿಡಿ. ಇವನು ತೊಟ್ಟಿಲಲ್ಲಿರುವಾಗಲೇ ಅಪ್ಪ ತೀರಿಕೊಂಡ. ಕೂಲಿನಾಲಿ ಮಾಡಿ ಸಾಕಿದ ಅವ್ವ ಧುರಪತಾಬಾಯಿ, ಇವನಿಗೆ ಹತ್ತೋ ಹನ್ನೊಂದೋ ಇರುವಾಗ ಜ್ವರ ಬಂದು ಹೋಗಿಬಿಟ್ಟಳು. ಅಕ್ಕ ಅಂಬುಬಾಯಿಯನ್ನು ಅಷ್ಟರೊಳಗೆ ಅದೇ ವಾಡಿಯಲ್ಲಿ ಸೋದರತ್ತೆಯ ಮಗನಿಗೆ ಕೊಟ್ಟಾಗಿತ್ತು. ಹೊಸದಾಗಿ ಮದುವೆಯಾದ ಹುಡುಗಿ ತಮ್ಮನನ್ನು ಎಷ್ಟು ದಿನ ಇಟ್ಟುಕೊಂಡಾಳು? ಯಾರೋ ಕರೆದುಕೊಂಡು ಹೋಗಿ ಹುಮನಾಬಾದಿನ ಮೊಹಿನುದ್ದೀನ್ ಸಾಬರ ಫೋಟೋ ಸ್ಟುಡಿಯೋದಲ್ಲಿ ಕಸ ಹೊಡೆಯಲು ಬಿಟ್ಟರು.

ಸಾಬರು ಒಳ್ಳೆಯವರು. ಬೈಯುತ್ತಿದ್ದರು, ಆದರೆ ಉಂಡು ಬೈಯುತ್ತಿರಲಿಲ್ಲ, ಉಣ್ಣಿಸಿ ಬೈಯುತ್ತಿದ್ದರು. ಒರಟು ಮಾದರಪಾಟಿನ ಬಟ್ಟೆಗೆ ಸರೇಸಿನ ಅಂಟು ಹಚ್ಚುವುದು, ದಾರ ಜಗ್ಗಿ ಗೆರೆ ಹೊಡೆಯುವುದು, ಕಮಾನು ತಿರುಗಿಸುವುದು ಎಲ್ಲ ಅವರೇ ಕಲಿಸಿದ್ದು. ಅವರ ಒಂದು ಮಾತು ಮಚ್ಚೇಂದ್ರನ ಕೈಗೆ ಹತ್ತಿಬಿಟ್ಟಿತು. ನಡುವೆ ಜಾಗ ಬಿಡು. ಪರದೆಯ ಎರಡೂ ಕಡೆ ಏನು ಬೇಕಾದರೂ ತುಂಬು, ನಡುವೆ ಮಾತ್ರ ಒಂದು ಹೂಕುಂಡ ಕೂಡ ಇಡಬೇಡ. ಅದು ಗಿರಾಕಿ ನಿಲ್ಲುವ ಜಾಗ. ನಿನ್ನ ಪರದೆಯಲ್ಲಿ ಮನುಷ್ಯ ಇದ್ದರೆ ಹೊರಗಿನಿಂದ ಬಂದ ಮನುಷ್ಯ ಎಲ್ಲಿ ನಿಲ್ಲಬೇಕು? ಹೀಗೆ ಅವನು ಒಂದು ಆಯುಷ್ಯವೆಲ್ಲ ಮನುಷ್ಯರಿಲ್ಲದ ಊರುಗಳನ್ನು ಬರೆದ.

ಆಮೇಲೆ ಏನಾಯಿತು ಅಂತ ನಿಮಗೇ ಗೊತ್ತು. ಸ್ಟುಡಿಯೋಗಳಿಗೆ ಪರದೆ ಬೇಡವಾಯಿತು. ಮಚ್ಚೇಂದ್ರ ಅಂಗಡಿಗಳ ಬೋರ್ಡು ಹಿಡಿದ. ಫ್ಲೆಕ್ಸ್ ಬಂದು ಬೋರ್ಡೂ ಹೋಯಿತು. ಸಿಮೆಂಟಿನ ಜಾಹೀರಾತು, ಶಾಲೆಯ ಗೋಡೆಯ ಮೇಲೆ ಮಗ್ಗಿ, ನೀರಿನ ಟಾಕಿಯ ಮೇಲೆ ಪಂಚಾಯತಿ ಹೆಸರು, ಸಿಕ್ಕಿದ್ದೆಲ್ಲ ಬರೆದ. ಒಬ್ಬಳೇ ಮಗಳನ್ನು ಮೋರಖಂಡಿಗೆ ಕೊಟ್ಟು, ಹೆಂಡತಿ ಶೇವಂತಾಬಾಯಿಯ ಜೊತೆ ಬಸವಕಲ್ಯಾಣದಲ್ಲಿ ತ್ರಿಪುರಾಂತದ ಕಡೆ ಬಾಡಿಗೆ ಮನೆಯಲ್ಲಿದ್ದಾನೆ. ಈಗ ಅರವತ್ತು ದಾಟಿದೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ನಿಚ್ಚಣಿಕೆ ಹತ್ತಿದರೆ ಮೊಣಕಾಲು ನಡುಗುತ್ತವೆ. ಸಾಕಾಗಿಬಿಟ್ಟಿತ್ತು ಮನುಷ್ಯನಿಗೆ. ಬಣ್ಣದ ವಾಸನೆ ಬಂದರೆ ಮಗ್ಗುಲು ಹೊರಳಿ ಮಲಗುತ್ತಿದ್ದ.

ಅಂಥ ಹೊತ್ತಿನಲ್ಲಿ ಅಂಬುಬಾಯಿಯ ಮಗ ಸುಮೇಧ ಬಂದ. ವಾಡಿಯ ಹತ್ತಿರದ ಶಾಲೆಯಲ್ಲಿ ಮಾಸ್ತರ. ಕೇರಿಯಲ್ಲಿ ಹೊಸ ಬುದ್ಧವಿಹಾರ ಕಟ್ಟಿಸುವ ಓಡಾಟವೆಲ್ಲ ಅವನದೇ.

"ಮಾಮಾ, ವಿಹಾರದಾಗ ಒಂದು ದೊಡ್ಡ ಗೋಡಿ ಖಾಲಿ ಬಿಟ್ಟೀವ್ರಿ. ಅಲ್ಲಿ ಅಜ್ಜಿ ಬೇಕು. ಚಪ್ಪಲಿ ಹಾಕ್ಕೊಂಡು ಚೌಕ ದಾಟಿದ ಅಜ್ಜಿ."

"ಫ್ಲೆಕ್ಸ್ ಹಚ್ಚಿಬಿಡ್ರಪ್ಪಾ. ಎರಡು ತಾಸಿನ ಕೆಲಸ."

"ಫೋಟೋ ಇದ್ರ ಅಲ್ಲೇನ್ರಿ ಫ್ಲೆಕ್ಸ್? ಅಜ್ಜಿದು ಒಂದೂ ಫೋಟೋ ಇಲ್ಲ. ಆಕಿ ಮಾರಿ ನೋಡಿದವ್ರು ಈಗ ಇಬ್ಬರೇ ಉಳದೀರಿ, ನೀವು, ನಮ್ಮವ್ವ. ಅವ್ವಗ ಅದೇ ಧ್ಯಾಸ ಹತ್ತ್ಯದ. ಎದಿ ಅರ್ಧಾನೇ ಕೆಲಸ ಮಾಡಾಕತ್ತದ ಅಂದಾರ ಡಾಕ್ಟರು. ಹೋಗೋದ್ರಾಗ ಒಂದ್ ಸಲ ನಮ್ಮವ್ವನ ಮಾರಿ ನೋಡಿ ಹೋಗ್ತೀನಿ ಅಂತ ಕುಂತಾಳ."

ಮಚ್ಚೇಂದ್ರ ಆಗುವುದಿಲ್ಲ ಅನ್ನಬೇಕೆಂದು ಬಾಯಿ ತೆರೆದವನು ಮುಚ್ಚಿದ. ಆಗುವುದಿಲ್ಲ ಅನ್ನಲು ಕಾರಣ ಇತ್ತು, ಅದನ್ನು ಹೇಳುವಂತಿರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಒಮ್ಮೆ, ಸಾಬರು ಊಟಕ್ಕೆ ಹೋದಾಗ, ಒಂದು ತುಂಡು ಬಟ್ಟೆಯ ಮೇಲೆ ಅವ್ವನ ಮುಖ ತೆಗೆಯಲು ನೋಡಿದ್ದ. ಬರಲಿಲ್ಲ. ಮುಖ ಬರೆದು ರೂಢಿಯಿಲ್ಲ, ಅದಕ್ಕೇ ಬರಲಿಲ್ಲ ಅಂದುಕೊಂಡ. ಒಳಗೊಳಗೇ ಬೇರೆ ಅಂಜಿಕೆ ಇತ್ತು. ಇರಲಿ, ಅಕ್ಕನಿಗಂತೂ ನೆನಪಿದೆಯಲ್ಲ, ಅಷ್ಟು ಸಾಕು ಅಂತ ಅದನ್ನು ಅಲ್ಲಿಗೇ ಬಿಟ್ಟಿದ್ದ. ಅಕ್ಕನ ಹತ್ತಿರ ಅವ್ವ ಜೋಪಾನವಾಗಿದ್ದಾಳೆ ಅನ್ನುವ ಧೈರ್ಯದ ಮೇಲೆ ಇಷ್ಟು ವರ್ಷ ಕಳೆದಿದ್ದ.

"ಹೋಗ್ರಿ," ಅಂದಳು ಶೇವಂತಾಬಾಯಿ ಒಳಗಿನಿಂದ. "ಇಲ್ಲಿ ಕುಂತು ಏನು ಕಡದು ಕಟ್ಟಿ ಹಾಕೋದದ? ಸುಣ್ಣ ಕಲಸಾಕ ನಾನೂ ಬರ್ತೀನಿ."

ಬಸವಕಲ್ಯಾಣದಿಂದ ಮುಡಬಿಗೆ ಬಸ್ಸು, ಅಲ್ಲಿಂದ ವಾಡಿಗೆ ಹತ್ತು ಮಂದಿಯ ಆಟೋದಲ್ಲಿ ಹದಿನಾಲ್ಕನೆಯ, ಹದಿನೈದನೆಯವರಾಗಿ ಗಂಡ ಹೆಂಡತಿ ದಿನಾ ಹೋಗಿಬರುವುದು ಶುರುವಾಯಿತು. ಸಂಜೆ ಮನೆ ಮುಟ್ಟುವಾಗ ಇಬ್ಬರ ಬೆನ್ನೂ ಬಿಟ್ಟುಹೋಗಿರುತ್ತಿತ್ತು.

ಆ ಚೌಕದ ಸಂಗತಿ ಹೇಳಿಬಿಡುತ್ತೇನೆ. ವಾಡಿಯ ನಡುವೆ ಫರಸಿ ಹಾಸಿದ ಒಂದು ಚೌಕ, ಸುತ್ತ ದೊಡ್ಡವರ ವಾಡೆಗಳು, ಅಂದರೆ ಮಾಳಿಗೆ ಮನೆಗಳು. ಇವರ ಕೇರಿಯವರು ಅದನ್ನು ದಾಟುವಾಗ ಚಪ್ಪಲಿ ಕಳೆದು ಕೈಯಲ್ಲಿ ಹಿಡಿಯಬೇಕಿತ್ತು. ಯಾರು ಯಾವಾಗ ಹೇಳಿದರೋ ಯಾರಿಗೂ ಗೊತ್ತಿಲ್ಲ, ಚೌಕದ ಬಾಯಿಗೆ ಬಂದರೆ ಸೊಂಟ ತಾನೇ ಬಗ್ಗುತ್ತಿತ್ತು. ಧುರಪತಾಬಾಯಿ ಮುಡಬಿ ಸಂತೆಯಲ್ಲಿ ಹೊಸ ಚಪ್ಪಲಿ ತಗೊಂಡ ವಾರ, ಒಂದು ದಿನ ಬಗ್ಗಲಿಲ್ಲ. ಹಾಕಿಕೊಂಡೇ ದಾಟಿದಳು. ಈಗ ಆ ಕಥೆ ಬೆಳೆದಿದೆ. ಕಟ್ಟೆಯ ಮೇಲಿನ ಮಂದಿ ಎದ್ದು ನಿಂತರಂತೆ, ಯಾರೋ ಕೂಗಿದರಂತೆ, ಆಕೆ ತಿರುಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳಂತೆ. ಅಂಬುಬಾಯಿ ಅವತ್ತು ಬೇರೆ ಕಡೆ ಕೂಲಿಗೆ ಹೋಗಿದ್ದಳು, ಆದರೂ ಎಲ್ಲರಿಗಿಂತ ಚೆನ್ನಾಗಿ ಹೇಳುವವಳು ಅವಳೇ.

ಅವತ್ತು ಅವ್ವನ ಹಿಂದೆ ಇದ್ದವನು ಮಚ್ಚೇಂದ್ರ ಒಬ್ಬನೇ. ಅವನು ಕಂಡದ್ದು ಬೇರೆ. ಬೇಸಿಗೆಯ ಮಧ್ಯಾಹ್ನ, ಉಂಡವರೆಲ್ಲ ಮಲಗಿದ್ದ ಹೊತ್ತು. ಚೌಕದಲ್ಲಿ ಒಂದು ನಾಯಿಯೂ ಇರಲಿಲ್ಲ. ವಾಡೆಗಳ ಕಿಟಕಿಗಳೆಲ್ಲ ಕಪ್ಪಗಿದ್ದವು. ಅವ್ವ ಚೌಕದ ಬಾಯಲ್ಲಿ ನಿಂತಳು. ಬಗ್ಗುತ್ತಾಳೆ ಅಂತ ಇವನೂ ನಿಂತ. ಅವಳು ಬಗ್ಗದೆ ನಡೆದುಬಿಟ್ಟಳು. ಇವನಿಗೆ ಜೀವ ಬಾಯಿಗೆ ಬಂದು, ತಲೆ ಎತ್ತದೆ ಅವ್ವನ ಹಿಮ್ಮಡಿಯನ್ನೇ ನೋಡುತ್ತ ಹಿಂದೆ ಹಿಂದೆ ಹೋದ. ಒಡೆದ ಹಿಮ್ಮಡಿ, ಹೊಸ ಚಪ್ಪಲಿ, ಫರಸಿಯ ಮೇಲೆ ಅದರ ಸಪ್ಪಳ. ಆಚೆ ಮುಟ್ಟಿದ ಮೇಲೆ ಅವ್ವ ಏನೂ ಹೇಳಲಿಲ್ಲ, ಮನೆಗೆ ಹೋಗಿ ರೊಟ್ಟಿ ಬಡಿದಳು.

ಅದನ್ನೇ ಅವನು ಗೋಡೆಯ ಮೇಲೆ ಬರೆಯತೊಡಗಿದ. ಆದರೆ ಕೈ ಅನ್ನುವುದು ಇದೆಯಲ್ಲ, ಅದು ಯಜಮಾನನ ಮಾತು ಕೇಳುವುದಿಲ್ಲ. ಒಂದು ವಾಡೆ ಬರೆಯಲು ಹೋದರೆ ಸ್ಟುಡಿಯೋದ ಕಮಾನುಗಳು ಸಾಲಾಗಿ ಬಂದು ನಿಂತವು. ಮಣ್ಣಿನ ಮಾಳಿಗೆಗಳು ಕಂಬದ ಮಹಲುಗಳಾದವು. ಗೋಡೆಯ ಮೂಲೆಗೆ ಕಲ್ಯಾಣದ ಕೋಟೆಯ ಒಂದು ಬುರುಜು ಬಂತು. ಚೌಕದ ತುದಿಗೆ ಗಿಡ್ಡ ಗೋಡೆ, ಅದರ ಹಿಂದೆ ಹುಮನಾಬಾದಿನಲ್ಲಿ ಕಂಡ ರೈಲು. ಎಲ್ಲ ಮಹಲುಗಳ ನೆರಳೂ ಫರಸಿಯ ಮೇಲೆ ಉದ್ದಕ್ಕೆ ಚಾಚಿತು. ನಡುವೆ ಬಿಸಿಲು ಬಿದ್ದ ಖಾಲಿ ಜಾಗ. ನೋಡಿದವರಿಗೆ ಇದು ನಮ್ಮೂರೇ ಅನ್ನಿಸುತ್ತಿತ್ತು, ಯಾವ ಊರೂ ಅಲ್ಲ ಅಂತಲೂ ಅನ್ನಿಸುತ್ತಿತ್ತು. ಹೆಚ್ಚು ಹೊತ್ತು ನೋಡಲು ಅಂಜಿಕೆಯಾಗುತ್ತಿತ್ತು.

ಸುಮೇಧ ಶಾಲೆ ಬಿಟ್ಟು ಬಂದವನು ಗೋಡೆಯ ಮುಂದೆ ಬಹಳ ಹೊತ್ತು ನಿಂತ.

"ಮಾಮಾ, ನಮ್ಮ ವಾಡಿಗೆ ರೈಲು ಯಾವಾಗ ಬಂತ್ರಿ?"

"ಹಿಂದ ಖಾಲಿ ಕಾಣಾಕತ್ತಿತ್ತು, ಹಾಕಿದೆ."

"ಬಿಸಿಲು ಮಧ್ಯಾಹ್ನದ್ದು, ನೆರಳು ನೋಡಿದ್ರ ಸಂಜೀದು."

"ಅವತ್ತ ಹಂಗೇ ಕಂಡಿತ್ತಪ್ಪಾ ನನಗ. ಸಣ್ಣಾವಿದ್ದೆ."

"ಜನ ಎಲ್ಲಿ ಮಾಮಾ? ಕಟ್ಟಿ ಮ್ಯಾಲಿನ ಮಂದಿ?"

"ಯಾರೂ ಇರಲಿಲ್ಲ."

ಸುಮೇಧನ ಮುಖ ಬಿದ್ದುಹೋಯಿತು. ಪಾಪ, ಅವನು ಸಣ್ಣವನಿದ್ದಾಗಿನಿಂದ ಆ ಕಥೆ ಕೇಳಿ ಎದೆ ಉಬ್ಬಿಸಿಕೊಂಡು ಬೆಳೆದವನು. "ಯಾರೂ ನೋಡದಾಗ ದಾಟಿದ್ರ ಅದೇನು ದೊಡ್ಡದು ಅಂತಾರಲ್ರಿ ಮಂದಿ."

ಮಚ್ಚೇಂದ್ರ ಬ್ರಶ್ ನೀರಿಗೆ ಹಾಕಿ ಕೆಳಗೆ ಕೂತ. "ಯಾರೂ ಇಲ್ಲ ಅಂತ ಈಗ ನಾವು ಅಂತೀವಿ. ಆಕಿಗೇನು ಗೊತ್ತಿತ್ತು? ಒಂದೊಂದ ಕಿಟಕಿ ಹಿಂದೂ ಕಣ್ಣು ಅದಾವ ಅಂತ ತಿಳಕೊಂಡೇ ಹೊಂಟಿದ್ಲು. ಎದುರಿಗೆ ಮಂದಿ ಇದ್ರ ಒಬ್ಬರ ಮಾರಿ ನೋಡಿ ನಡೀಬಹುದು. ಹಂಗ ಖಾಲಿ ಇದ್ದಾಗ ಯಾರನ್ನ ನೋಡಿ ನಡೀಬೇಕು, ಹೇಳು."

ಜನ ಬೇಡ ಅನ್ನುವುದು ಅಲ್ಲಿಗೆ ಆಯಿತು. ಇನ್ನು ಉಳಿದದ್ದು ನಡುವಿನ ಜಾಗ, ಅಲ್ಲಿ ಬರಬೇಕಾದ ಒಂದು ಮುಖ.

ಅಂಬುಬಾಯಿ ಕೋಲು ಊರಿಕೊಂಡು, ಎರಡು ಮನೆಗೊಮ್ಮೆ ನಿಂತು ಉಸಿರು ತಗೊಂಡು, ವಿಹಾರಕ್ಕೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಕಾಲು ಬಾತುಕೊಂಡಿದ್ದವು.

"ಅಕ್ಕಾ, ಬೆನ್ನು ಕಾಣೂ ಹಂಗ ತೆಗೀಲೇನು? ಆ ಕಡೆ ನಡದು ಹೊಂಟಂಗ?" ಮಚ್ಚೇಂದ್ರ ಮೆಲ್ಲಗೆ ಕೇಳಿದ. ಹಿಮ್ಮಡಿಯಾದರೆ ಕಣ್ಣು ಮುಚ್ಚಿ ಬರೆದಾನು.

"ಬೆನ್ನು ತಗೊಂಡು ಏನ್ ಮಾಡ್ಲೋ ಮಚ್ಚ್ಯಾ? ನನಗ ಮಾರಿ ಬೇಕು. ನನ್ನ ಕಡೆ ಬರಾಕತ್ತಿರಬೇಕು ಆಕಿ."

ಸರಿ. ಅವನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಬಣ್ಣ ಕಲಸಿ, ಮುಖ ತೆಗೆದ. ಸೀರೆಯ ಸೆರಗು, ಹಣೆ, ಕಣ್ಣು, ಮೂಗು. ಅಂಬುಬಾಯಿ ಕುರ್ಚಿ ಮುಂದಕ್ಕೆ ಎಳೆಸಿಕೊಂಡು ನೋಡಿದಳು.

"ಇದಲ್ಲ."

ಒದ್ದೆ ಬಟ್ಟೆಯಿಂದ ಒರೆಸಿದ. ಮರುದಿನ ಇನ್ನೊಂದು ತೆಗೆದ.

"ಇದಲ್ಲೋ ತಮ್ಮಾ. ಮೂಗು ಹಿಂಗಿರಲಿಲ್ಲ."

"ಹ್ಯಾಂಗಿತ್ತು ಹೇಳು, ಹಂಗ ಮಾಡ್ತೀನಿ."

"ಹಿಂಗಿರಲಿಲ್ಲ ಅಂದ್ನೆಲ್ಲ."

ಮೂರನೆಯ ಮುಖ ತೆಗೆಯುವಾಗ ಬಾಗಿಲಲ್ಲಿ ಕೂತು ಡಬ್ಬಿ ತೊಳೆಯುತ್ತಿದ್ದ ಶೇವಂತಾಬಾಯಿ ನಕ್ಕುಬಿಟ್ಟಳು. ನಗಬಾರದು ಅಂತ ಎಷ್ಟು ತಡೆದಿದ್ದಳೋ. "ಸಿಟ್ಟ ಮಾಡ್ಕೋಬ್ಯಾಡ್ರಿ. ಈಕಿ ಹುಮನಾಬಾದಿನ ಸೀರಿ ಅಂಗಡಿ ಬೋರ್ಡಿನಾಕಿ. ನಿನ್ನಿದೂ ಆಕಿನೇ, ಮೊನ್ನಿದೂ ಆಕಿನೇ. ನಿಮ್ಮ ಕೈಗೆ ಒಬ್ಬಾಕಿನೇ ಹೆಂಗಸು ಗೊತ್ತಿರೋದು."

ಮಚ್ಚೇಂದ್ರ ಹಿಂದೆ ಸರಿದು ನೋಡಿದ. ಹೌದು, ಅವಳೇ. ಯಾವುದೋ ಕ್ಯಾಲೆಂಡರಿನಿಂದ ಎತ್ತಿಕೊಂಡಿದ್ದ ಮುಖ. ಸೀರೆ ಅಂಗಡಿಗೂ ಅದೇ, ಲೇಡೀಸ್ ಟೇಲರಿಗೂ ಅದೇ, ಹೆರಿಗೆ ದವಾಖಾನೆಗೂ ಮಡಿಲಲ್ಲಿ ಒಂದು ಕೂಸು ಇಟ್ಟು ಅದೇ. ಕೆನ್ನೆಯ ಮೇಲೆ ಬಿಸಿಲು ಬಿದ್ದ ಗುರುತಿಲ್ಲ, ಹಲ್ಲು ಮುತ್ತಿನಂತಿವೆ. ಒಂದು ಹೊತ್ತು ಉಂಡು ಒಂದು ಹೊತ್ತು ಬಿಟ್ಟ ಧುರಪತಾಬಾಯಿಯ ಮೈಮೇಲೆ ಈ ಮುಖ ಇಟ್ಟೆನಲ್ಲ ಅಂತ ಅವನಿಗೆ ನಾಚಿಕೆಯಾಯಿತು.

ಸುಮೇಧ ತನ್ನ ಕೈಲಾದದ್ದು ಮಾಡಿದ. ಮೊಬೈಲಿನಲ್ಲಿ ಅಂಬುಬಾಯಿಯ ಫೋಟೋ, ಮಾವನ ಫೋಟೋ ಎರಡನ್ನೂ ಹಾಕಿದರೆ ಅದು ಲೆಕ್ಕ ಹಾಕಿ ಅಜ್ಜಿಯನ್ನು ತೆಗೆದುಕೊಡುತ್ತದಂತೆ. ತೆಗೆದುಕೊಟ್ಟಿತು. ಅಂಬುಬಾಯಿ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಯಾರಿಕಿ, ಧಾರಾವಾಹಿನಾಕಿ ಏನು?" ಅಂತ ವಾಪಸ್ಸು ಕೊಟ್ಟಳು.

ಆಮೇಲಿನ ದಿನಗಳು ಹೇಗೆ ಹೋದವು ಅಂತ ಹೇಳಲು ನನಗೇ ಬೇಜಾರು. ಮಚ್ಚೇಂದ್ರ ಬಸ್ಸಿನಲ್ಲಿ ಎದುರು ಕೂತ ಹೆಂಗಸರ ಮುಖವನ್ನೆಲ್ಲ ನೋಡುತ್ತ ಹೋಗುತ್ತಿದ್ದ. ಒಬ್ಬಾಕೆ ಸೆರಗು ಎಳೆದುಕೊಂಡು ಬೈದಳು. ಮನೆಯಲ್ಲಿ ಕನ್ನಡಿ ಹಿಡಿದು ಕೂತು ತನ್ನ ಮುಖದಲ್ಲಿ ಅವ್ವನದು ಏನಾದರೂ ಇದೆಯೇ ಅಂತ ಹುಡುಕಿದ. ಕಣ್ಣು ಮುಚ್ಚಿದರೆ ಹಿಮ್ಮಡಿ, ಕಣ್ಣು ತೆರೆದರೆ ಸೀರೆ ಅಂಗಡಿಯವಳು. ರೊಟ್ಟಿ ಬಡಿಯುವ ಕೈ ನೆನಪಿದೆ, ಬಳೆ ನೆನಪಿದೆ, ಕೆಮ್ಮು ನೆನಪಿದೆ. ಕುತ್ತಿಗೆಯಿಂದ ಮೇಲೆ ಹೋದರೆ ಬರೀ ಬೆಳಕು. ಮಗನಾಗಿ ಹುಟ್ಟಿ ಇಷ್ಟನ್ನೂ ಇಟ್ಟುಕೊಳ್ಳಲಾಗಲಿಲ್ಲವಲ್ಲ ಅಂತ ಅವನು ಒಂದು ದಿನ ಬಸ್ಸಿನಲ್ಲೇ ಕಣ್ಣೀರು ಹಾಕಿದ. ಶೇವಂತಾಬಾಯಿ ಕಿಟಕಿಯ ಕಡೆ ತಿರುಗಿಕೊಂಡಳು.

ವಿಹಾರದ ಉದ್ಘಾಟನೆ ಹತ್ತಿರ ಬಂತು. ಸುಮೇಧ ಬಾಯಿಬಿಟ್ಟು ಅವಸರ ಮಾಡಲಿಲ್ಲ, ಆದರೆ ಬಂದು ಬಂದು ನಿಲ್ಲುತ್ತಿದ್ದ. ಅಂಬುಬಾಯಿ ಮಾತ್ರ ದಿನಾ ತಪ್ಪದೆ ಬಂದಳು. ಈಗೀಗ ನಾಲ್ಕು ಹೆಜ್ಜೆಗೇ ಉಸಿರು ಕಟ್ಟುತ್ತಿತ್ತು. ಕುರ್ಚಿಯಲ್ಲಿ ಕೂತು ಆ ಖಾಲಿ ಚೌಕವನ್ನು ನೋಡುತ್ತಿದ್ದಳು, ಯಾರೋ ಬರುವವರಿದ್ದಾರೆ ಅನ್ನುವ ಹಾಗೆ.

ಆ ದಿನ ಮಧ್ಯಾಹ್ನ ಉಂಡಾದ ಮೇಲೆ ಮಚ್ಚೇಂದ್ರ ಬ್ರಶ್ ಹಿಡಿದು ಗೋಡೆಯ ಮುಂದೆ ನಿಂತ. ನಿಂತೇ ಇದ್ದ. ಬ್ರಶ್ಶಿನ ತುದಿಯ ಬಣ್ಣ ಒಣಗಿತು. ಆಮೇಲೆ ತಿರುಗಿ ಬಂದು ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟ.

"ಅಕ್ಕಾ, ಇನ್ನ ನನ್ನ ಕೈಲಿ ಆಗೂದಿಲ್ಲ."

"ದಣದೀ. ನಾಳಿ ತೆಗದಿಯಂತ."

"ನಾಳಿನೂ ಬರೂದಿಲ್ಲ. ನನಗ ಅವ್ವನ ಮಾರಿ ನೆನಪಿಲ್ಲ ಅಕ್ಕಾ. ಒಂದ ಚೂರೂ ಇಲ್ಲ. ಸಣ್ಣಾವಿದ್ದಾಗಿಂದನೂ ಇಲ್ಲ. ನಿನಗ ಹೇಳಾಕ ಬಾಯಿ ಬರಲಿಲ್ಲ." ಅವನು ಅಕ್ಕನ ಮೊಣಕಾಲು ಹಿಡಿದ. "ನೀ ಹೇಳು. ನಿನಗ ನೆನಪದ. ಕಣ್ಣು ಹ್ಯಾಂಗಿದ್ವು, ಬಾಯಿ ಹ್ಯಾಂಗಿತ್ತು, ಒಂದೊಂದ ಹೇಳು. ನೀ ಹೇಳಿದಂಗ ಹೇಳಿದಂಗ ತೆಗೀತೀನಿ. ವರ್ಷಾದ್ರೂ ಆಗಲಿ."

ಅಂಬುಬಾಯಿ ಗೋಡೆಯನ್ನೇ ನೋಡುತ್ತಿದ್ದಳು. ಕೋಲು ಬದಿಗಿಟ್ಟು ತಮ್ಮನ ತಲೆಯ ಮೇಲೆ ಕೈ ಇಟ್ಟಳು.

"ನನಗೂ ಇಲ್ಲೋ ಮಚ್ಚ್ಯಾ."

ಅವನು ತಲೆ ಎತ್ತಿದ.

"ನೀ ತೆಗದದ್ದು ನೋಡಿದಾಗ ಇದಲ್ಲ ಅನ್ನೂದಷ್ಟೇ ತಿಳೀತಿತ್ತು. ಯಾವುದು ಹೌದು ಅಂತ ಗೊತ್ತಿಲ್ಲ. ಮೊದಲು ಇತ್ತು. ಮಕ್ಕಳಾಗೂತನಾ ಇತ್ತು. ಆಮ್ಯಾಲ ಯಾವಾಗ ಹೋತೋ ಏನೋ, ಕೆಲಸದಾಗ ಲಕ್ಷ್ಯಕ್ಕ ಬರಲಿಲ್ಲ. ಒಂದಿನ ನೆನಸ್ಕೊಳ್ಳಾಕ ಹೋದ್ರ ಇಲ್ಲ." ಅವಳು ಉಸಿರು ತಗೊಂಡಳು. "ನನಗ ಹೋದ್ರ ಹೋಗಲಿ, ನಮ್ಮ ಮಚ್ಚ್ಯಾನ ಹಂತೇಕ ಅದಾಳ, ಆವ ಬಣ್ಣದ ಮನಿಶ್ಯಾ, ಆವ ಮರೀಲಾರ ಅಂತ ಅಂದ್ಕೊಂಡಿದ್ದೆ. ಅದಕ್ಕೇ ಈ ಗೋಡಿ ಹಟ ಹಿಡದೆ. ನೀ ತೆಗೀತಿ, ನಾ ನೋಡ್ತೀನಿ, ಓ ಈಕಿನೇ ಅಂತೀನಿ ಅಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹೊರಗೆ ಯಾರದೋ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು.

"ಹಂಗಾರ ಅವ್ವ ಹೋದ್ಲು," ಅಂದಳು ಅಂಬುಬಾಯಿ.

ಅಷ್ಟು ಅಂದು ಅವಳು ಕುರ್ಚಿಯಿಂದ ಜಾರಿ ತಮ್ಮನ ಪಕ್ಕಕ್ಕೆ ನೆಲದ ಮೇಲೆ ಕೂತಳು. ಮೊದಲು ಸಣ್ಣಗೆ, ಆಮೇಲೆ ದನಿ ತೆಗೆದು ಅಳತೊಡಗಿದಳು. ಸತ್ತವರ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. ನನ್ನವ್ವಾ, ಕೂಲಿ ಮಾಡಿದಾಕಿ, ಹಸಿದು ಉಣಿಸಿದಾಕಿ, ಎಲ್ಲಿ ಹೋದಿ ನನ್ನವ್ವಾ. ಮಚ್ಚೇಂದ್ರ ಅಕ್ಕನ ಹೆಗಲಿಗೆ ಹಣೆ ಹಚ್ಚಿ, ಹತ್ತು ವರ್ಷದವನಾಗಿದ್ದಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತ. ಶೇವಂತಾಬಾಯಿ ಡಬ್ಬಿ ಕೆಳಗಿಟ್ಟು ಎದ್ದಳು, ಹತ್ತಿರ ಹೋಗಲಿಲ್ಲ.

ದನಿ ಕೇಳಿ ಕೇರಿಯವರು ಹೊರಗೆ ಬಂದರು. ಸುಮೇಧ ಶಾಲೆಯ ಕಡೆಯಿಂದ ಓಡುತ್ತ ಬಂದು ಬಾಗಿಲು ಹಿಡಿದು ನಿಂತ. ತನ್ನ ಅವ್ವನಿಗೇ ಏನೋ ಆಯಿತು ಅಂತ ಅವನ ಬಣ್ಣ ಹೋಗಿತ್ತು. ಒಳಗೆ ನೋಡಿದರೆ ಅವ್ವ ಕೂತಿದ್ದಾಳೆ, ಮಾವ ಕೂತಿದ್ದಾನೆ, ಗೋಡೆಯ ಮೇಲೆ ಚೌಕ ಖಾಲಿ ಇದೆ.

"ಅತ್ತಿ, ಯಾರಿಗೇನಾತ್ರಿ? ಯಾರು ಹೋದ್ರು?"

ಶೇವಂತಾಬಾಯಿ ಅವನನ್ನು ಹೊಸ್ತಿಲಿನಲ್ಲೇ ತಡೆದಳು.

"ನಿಮ್ಮಜ್ಜಿ ತೀರಕೊಂಡ್ಲಪ್ಪಾ," ಅಂದಳು. "ಒಳಗ ಹೋಗಬ್ಯಾಡ. ಮಕ್ಕಳಿಬ್ಬರೂ ಅತ್ತುಕೊಳ್ಳಲಿ."